ಆರು ನೂರು ರೂಪಾಯಿ ಇನ್‌ಕ್ರಿಮೆಂಟು, ನಮ್ಮವ್ವನ ಪ್ರೀಮಿಯಮ್ಮು



ಸ್ವಲ್ಪ ಉದ್ದದ ಪೋಸ್ಟ್ ಇದು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಇದರಲ್ಲಿ ಗುಡಿ ಪ್ರವೇಶದ ಸುದ್ದಿ ಇಲ್ಲ, ಒಳಮೀಸಲಾತಿ ಜಗಳ ಇಲ್ಲ, ಯಾವ ಪಕ್ಷಕ್ಕೂ ಬೈಗುಳ ಇಲ್ಲ. ಒಂದು ಸಂಬಳದ ಚೀಟಿ ಬಗ್ಗೆ ಬರೀತಿದ್ದೀನಿ.

ದೀಪಾವಳಿ ರಜಕ್ಕೆ ನನ್ನ ತಮ್ಮ ಬೆಂಗಳೂರಿಂದ ನಾಯಕನಹಟ್ಟಿಗೆ ಬಂದಿದ್ದ. ಐಟಿಐ ಮಾಡಿದವನು, ಪೀಣ್ಯದ ಕಡೆ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ ಫಿಟ್ಟರ್. ರಾತ್ರಿ ಊಟ ಆದ ಮೇಲೆ ಕಟ್ಟೆ ಮೇಲೆ ಕೂತಿದ್ವಿ. ಫೋನ್ ತೆಗೆದು ನನ್ನ ಕೈಗೆ ಕೊಟ್ಟ.

"ಅಣ್ಣ, ಕಂಪನಿಯಿಂದ ಮೇಲ್ ಬಂದೈತೆ. ಇದನ್ನೊಂದ್ಸಲ ಓದಿ ಹೇಳು. ನಾನು ಓದ್ಕೊಂಡಿದ್ದು ಸರಿ ಐತೋ ಇಲ್ವೋ ನೋಡು."

ಬಸ್ ಸ್ಟ್ಯಾಂಡ್ ಹತ್ರ ನಂದೊಂದು ಜೆರಾಕ್ಸ್ ಅಂಗಡಿ. ಅರ್ಜಿ, ಆದೇಶ, ನೋಟೀಸು ಓದೋದೇ ನನ್ನ ಕಸುಬು. ಓದಿದೆ. ಅವನು ಓದ್ಕೊಂಡಿದ್ದು ಸರಿಯಾಗೇ ಇತ್ತು. ಕಂಪನಿಯ ಗುಂಪು ಆರೋಗ್ಯ ವಿಮೆ ನವೆಂಬರ್ 1ಕ್ಕೆ ಹೊಸದಾಗ್ತದೆ. ಅಪ್ಪ ಅಮ್ಮನ್ನ ಸೇರಿಸೋದಾದ್ರೆ ಒಬ್ಬರಿಗೆ ವರ್ಷಕ್ಕೆ 22,000 ರೂಪಾಯಿ. ಅದರ ಮೇಲೆ ಜಿಎಸ್‌ಟಿ ಶೇ. 18, ಅಂದ್ರೆ 3,960. ಒಟ್ಟು 25,960. ಇದು ಪೂರ್ತಿ ನೌಕರನ ಸಂಬಳದಿಂದಲೇ ಕಟ್ ಆಗ್ತದೆ. ಅಪ್ಪ ಅಮ್ಮನ ಆಸ್ಪತ್ರೆ ಬಿಲ್ಲಿನಲ್ಲಿ ಶೇ. 20 ನಾವೇ ಕಟ್ಟಬೇಕು, ಇದು ಈ ವರ್ಷದ ಹೊಸ ಷರತ್ತು. ಬೇಕೋ ಬೇಡವೋ ಅಕ್ಟೋಬರ್ 31ರೊಳಗೆ ತಿಳಿಸಿ.

ನಮ್ಮಪ್ಪ ಇಲ್ಲ. ಇರೋದು ಅವ್ವ ಒಬ್ಬಳೇ. 66 ವರ್ಷ. ಸಕ್ಕರೆ ಕಾಯಿಲೆ ಐತೆ, ಬಿಪಿ ಐತೆ, 2021ರಲ್ಲಿ ಹಾರ್ಟಿಗೆ ಒಂದು ಸ್ಟೆಂಟ್ ಹಾಕಿದಾರೆ.

ಒಳಗಿಂದ ಅವ್ವ ಎಲ್ಲಾ ಕೇಳಿಸ್ಕೊಂಡಿದ್ದಳು. ಬಾಗಿಲಿಗೆ ಬಂದು ಅಂದಳು: "ನನ್ನ ಹೆಸರು ಕಡಿಸ್ರಪ್ಪ. ಆ ದುಡ್ಡಿಗೆ ಹುಡುಗ್ರಿಗೆ ಹಾಲಾಗ್ತೈತೆ."

ಅವತ್ತಿಂದ ಈ ಲೆಕ್ಕ ನನ್ನ ತಲೆಯಿಂದ ಹೋಗ್ತಿಲ್ಲ. ನಿಮ್ಮ ಮುಂದೆ ಇಡ್ತಿದ್ದೀನಿ. ನಿಮ್ಮನೇಲೂ ಇಂಥದ್ದೊಂದು ಚೀಟಿ ಇರಬಹುದು.

ನನ್ನ ತಮ್ಮ 2023ರ ಮಾರ್ಚ್‌ವರೆಗೆ ಇಎಸ್‌ಐನಲ್ಲಿದ್ದ. ಆಗ ಸಂಬಳ 20,800. ಇಎಸ್‌ಐಗೆ ಅವನ ಪಾಲು ಶೇ. 0.75, ತಿಂಗಳಿಗೆ 156 ರೂಪಾಯಿ. ಮಾಲೀಕನ ಪಾಲು ಶೇ. 3.25, ಅಂದ್ರೆ 676. ಎರಡೂ ಸೇರಿ 832. ವರ್ಷಕ್ಕೆ ಹತ್ತು ಸಾವಿರವೂ ಇಲ್ಲ, 9,984. ಅಷ್ಟಕ್ಕೆ ಅವನು, ಅವನ ಹೆಂಡ್ತಿ, ಎರಡು ಮಕ್ಕಳು, ಅವ್ವ, ಐದೂ ಜನ ಅದರೊಳಗೆ. ಅವ್ವನಿಗೆ ಅಂತ ಬೇರೆ ಪ್ರೀಮಿಯಂ ಇಲ್ಲ. ವಯಸ್ಸೆಷ್ಟು, ಸಕ್ಕರೆ ಎಷ್ಟು ಅಂತ ಕೇಳಿ ರೇಟ್ ಹೇಳೋರಿಲ್ಲ. ಸಕ್ಕರೆ ಮಾತ್ರೆ, ಬಿಪಿ ಮಾತ್ರೆ ಅಲ್ಲೇ ಕೊಡೋರು. 2021ರಲ್ಲಿ ಎದೆನೋವು ಅಂತ ಇಲ್ಲಿಂದ ಚಿತ್ರದುರ್ಗ, ಅಲ್ಲಿಂದ ಬೆಂಗಳೂರಿಗೆ ಕರ್ಕೊಂಡು ಹೋದಾಗ ಇಎಸ್‌ಐ ಕಾಗದದ ಮೇಲೇ ಸ್ಟೆಂಟ್ ಆಯ್ತು. ನಾವು ಖರ್ಚು ಮಾಡಿದ್ದು ಬಸ್ಸಿಗೆ, ಆಂಬುಲೆನ್ಸಿಗೆ, ಊಟಕ್ಕೆ.

2023ರ ಏಪ್ರಿಲ್‌ನಲ್ಲಿ 600 ರೂಪಾಯಿ ಇನ್‌ಕ್ರಿಮೆಂಟ್ ಕೊಟ್ರು. ಸಂಬಳ 21,400 ಆಯ್ತು. ನಮ್ಮ ಮನೆತನದಲ್ಲಿ ತಿಂಗಳ ಸಂಬಳ 21,000 ದಾಟಿದ ಮೊದಲನೇ ಮನುಷ್ಯ ಅವನು. ಅವ್ವ ಮಾರಮ್ಮನಿಗೆ ಕಾಯಿ ಒಡೆಸಿದಳು.

ಇಎಸ್‌ಐ ಕಾನೂನಿನಲ್ಲಿ 21,000 ಅನ್ನೋದು ಒಂದು ಗೆರೆ. ಅದರ ಮೇಲೆ ಸಂಬಳ ಹೋದ್ರೆ ಹೊರಗೆ. ಇವನೂ ಹೊರಗೆ ಬಂದ. ಇವನ ಹಿಂದೆ ಅವ್ವನೂ ಹೊರಗೆ ಬಂದಳು.

ಎಚ್‌ಆರ್ ಹತ್ರ ಹೋಗಿ ಇವನು ಏನು ಕೇಳಿದ ಗೊತ್ತಾ? "ಸಾರ್, ನಾನೂರು ರೂಪಾಯಿ ಕಮ್ಮಿ ಮಾಡಿ ಸಾರ್. 21,000ಕ್ಕೇ ನಿಲ್ಸಿ. ನಂಗೆ ಇಎಸ್‌ಐ ಇರ್ಲಿ." ಅವರು ನಕ್ಕರಂತೆ. ನಿನಗೆ ಇನ್ಮೇಲೆ ದೊಡ್ಡ ಪ್ರೈವೇಟ್ ಆಸ್ಪತ್ರೆ, ಕ್ಯಾಶ್‌ಲೆಸ್ ಕಾರ್ಡು, ಕ್ಯೂ ನಿಲ್ಲೋದೇ ಬೇಡ ಅಂದರಂತೆ. ನನಗೆ ಫೋನ್ ಮಾಡಿ ಇದನ್ನ ಹೇಳಿದಾಗ ನಾನೂ ನಕ್ಕಿದ್ದೆ. ಸಂಬಳ ಕಮ್ಮಿ ಮಾಡಿ ಅಂತ ಕೇಳೋ ದಡ್ಡ ಎಲ್ಲಿದ್ದಾನೋ ಅಂತ ಬೈದಿದ್ದೆ. ಈಗ ಹೇಳ್ತೀನಿ, ದಡ್ಡ ಆಗಿದ್ದು ನಾನು.

ಆಮೇಲೆ ಆದದ್ದು ಇಷ್ಟು. ಅವನು, ಹೆಂಡ್ತಿ, ಮಕ್ಕಳ ಪ್ರೀಮಿಯಂ ಕಂಪನಿ ಕಟ್ತದೆ. ಅವ್ವನದ್ದು ಇವನ ಸಂಬಳದಿಂದ. 2023ರಲ್ಲಿ ತೆರಿಗೆ ಸೇರಿ 14,160. 2024ರಲ್ಲಿ 18,290. ಈಗ 25,960. ಎರಡು ವರ್ಷದಲ್ಲಿ ಶೇ. 83 ಏರಿದೆ. ಇದೇ ಎರಡು ವರ್ಷದಲ್ಲಿ ಅವನ ಸಂಬಳ 21,400ರಿಂದ 22,900ಕ್ಕೆ ಬಂದಿದೆ. ಶೇ. 7. ಈ ಸಲದ ಇನ್‌ಕ್ರಿಮೆಂಟೂ 600 ರೂಪಾಯಿನೇ. ಯಾಕೆ ಇಷ್ಟು ಕಮ್ಮಿ ಅಂತ ಕೇಳಿದ್ದಕ್ಕೆ ಬಂದ ಉತ್ತರ: ನಿಮ್ಮ ಇನ್ಶೂರೆನ್ಸ್ ಖರ್ಚು ಜಾಸ್ತಿ ಆಗಿದೆಯಪ್ಪ, ಅದೂ ನಿನ್ನ ಸಿಟಿಸಿ ಒಳಗೇ ಬರ್ತದೆ.

ಸಿಟಿಸಿ ಅಂದ್ರೆ ಕಂಪನಿ ನಿಮ್ಮ ಮೇಲೆ ಮಾಡೋ ಒಟ್ಟು ಖರ್ಚು. ಕೈಗೆ ಬರೋ ಸಂಬಳ, ಪಿಎಫ್‌ಗೆ ಕಂಪನಿ ಹಾಕೋ ಪಾಲು, ಗ್ರಾಚುಟಿ, ವಿಮೆ, ಎಲ್ಲಾ ಕೂಡಿಸಿ ಒಂದು ದೊಡ್ಡ ಸಂಖ್ಯೆ ಬರೀತಾರೆ. "ಕಂಪನಿ ಕಟ್ಟುತ್ತೆ" ಅನ್ನೋ ಪ್ರೀಮಿಯಂ ಅದರೊಳಗೆ ಕೂತಿರ್ತದೆ. ಪ್ರೀಮಿಯಂ ಏರಿದ್ರೆ ನಿಮ್ಮ ಇನ್‌ಕ್ರಿಮೆಂಟ್ ಇಳೀತದೆ. ಅಂದ್ರೆ ಕಂಪನಿ ಕಟ್ಟೋ ಭಾಗವನ್ನೂ ಕೊನೆಗೆ ಕಟ್ಟೋನು ದುಡಿಯೋನೇ. ಹೆಂಡ್ತಿ ಮಕ್ಕಳದ್ದು ಬರದೇ ಹೋದ ಸಂಬಳದಲ್ಲಿ ಹೋಯ್ತು, ಅವ್ವನದ್ದು ಬಂದ ಸಂಬಳದಲ್ಲಿ ಹೋಗ್ತದೆ.

ಪ್ರೀಮಿಯಂ ಯಾಕೆ ಹಿಂಗೆ ಏರ್ತದೆ? ನಾನೂ ಕೇಳಿ, ಓದಿ ತಿಳ್ಕೊಂಡಿದ್ದು. ಗುಂಪು ವಿಮೆಯಲ್ಲಿ ಹೋದ ವರ್ಷ ಆ ಗುಂಪಿನವರು ಎಷ್ಟು ಕ್ಲೇಮ್ ಮಾಡಿದ್ರು ಅಂತ ವಿಮಾ ಕಂಪನಿ ನೋಡ್ತದೆ. ಅದರ ಮೇಲೆ ತನ್ನ ಖರ್ಚು, ಲಾಭ, ಆಸ್ಪತ್ರೆ ರೇಟು ಮುಂದಿನ ವರ್ಷ ಎಷ್ಟು ಏರಬಹುದು ಅನ್ನೋ ಅಂದಾಜು, ಎಲ್ಲಾ ಹಾಕಿ ಹೊಸ ಬೆಲೆ ಹೇಳ್ತದೆ. ಸಾವಿರಾರು ಜನ ಇರೋ ದೊಡ್ಡ ಕಂಪನಿಯಾದ್ರೆ ನಾಲ್ಕು ಜನಕ್ಕೆ ಆಪರೇಷನ್ ಆದ್ರೂ ಎಲ್ಲರ ಮೇಲೆ ಹಂಚಿ ಹೋಗ್ತದೆ. ನನ್ನ ತಮ್ಮನ ಫ್ಯಾಕ್ಟರಿಯಲ್ಲಿ ಇಎಸ್‌ಐ ಗೆರೆ ದಾಟಿದವರೇ ಅರವತ್ತು ಎಪ್ಪತ್ತು ಜನ. ಅದರಲ್ಲಿ ಮೂರು ಜನರ ಅಪ್ಪ ಅಮ್ಮ ಆಸ್ಪತ್ರೆ ಸೇರಿದ್ರೆ ಮುಗೀತು, ಮುಂದಿನ ವರ್ಷದ ರೇಟು ಎಲ್ಲರಿಗೂ ಏರ್ತದೆ. ಆಗ ಗಟ್ಟಿಯಾಗಿರೋ ಅಪ್ಪ ಅಮ್ಮ ಇರೋರು ನಮಗ್ಯಾಕೆ ಬೇಕು ಅಂತ ಬಿಡ್ತಾರೆ. ಉಳಿಯೋರು ಕಾಯಿಲೆಯವರೇ. ಅದಕ್ಕೆ ಅದರ ಮುಂದಿನ ವರ್ಷ ಇನ್ನೂ ಏರ್ತದೆ. ಯಾರಿಗೆ ಬೇಕೋ ಅವರ ಕೈಗೇ ಸಿಗದ ಹಾಗೆ ಆಗ್ತದೆ.

ಅಷ್ಟು ಕೊಟ್ಟರೂ ಸಿಗೋದೇನು? 24 ಗಂಟೆ ಅಡ್ಮಿಟ್ ಆದ್ರೆ ಮಾತ್ರ. ತಿಂಗಳ ಮಾತ್ರೆಗೆ ಇಲ್ಲ, ರಕ್ತ ಪರೀಕ್ಷೆಗೆ ಇಲ್ಲ. ರೂಮ್ ಬಾಡಿಗೆಗೆ ಮಿತಿ. ಒಂದು ಲಕ್ಷ ಬಿಲ್ ಆದ್ರೆ ಇಪ್ಪತ್ತು ಸಾವಿರ ನಮ್ಮ ಜೇಬಿಂದ. ಕೆಲಸ ಬಿಟ್ಟ ದಿನ, ಇಲ್ಲಾ ಅವರೇ ಬಿಡಿಸಿದ ದಿನ, ಕಾರ್ಡೂ ಹೋಗ್ತದೆ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದರು ಅಂತ ಎಲ್ಲಾ ಕಡೆ ಸುದ್ದಿ ಬಂತು. ನಮ್ಮ ಗ್ರೂಪುಗಳಲ್ಲೂ ಓಡಾಡ್ತು. ನಿಜ, ಆದ್ರೆ ಅದು ಒಬ್ಬೊಬ್ಬರೇ ತಮ್ಮ ಹೆಸರಲ್ಲಿ, ಮನೆಯವರ ಹೆಸರಲ್ಲಿ ತಗೊಳ್ಳೋ ಪಾಲಿಸಿಗೆ. ಕಂಪನಿ ಮೂಲಕ ತಗೊಳ್ಳೋ ಗುಂಪು ಪಾಲಿಸಿಗೆ ಶೇ. 18 ಹಂಗೇ ಉಳೀತು. ಸ್ವಂತಕ್ಕೆ ಪಾಲಿಸಿ ಮಾಡಿಸಿಕೊಳ್ಳೋ ತಾಕತ್ತಿದ್ದವನಿಗೆ ತೆರಿಗೆ ಇಲ್ಲ. ಅವ್ವನಿಗೆ ಸ್ಟೆಂಟ್ ಐತೆ ಅಂತ ಹೊರಗಡೆ ಯಾರೂ ಸುಲಭವಾಗಿ ಪಾಲಿಸಿ ಕೊಡಲ್ಲ, ಅದಕ್ಕೇ ಕಂಪನಿ ಪಾಲಿಸಿಗೆ ಬಿದ್ದವನು 3,960 ತೆರಿಗೆ ಕಟ್ಟಬೇಕು.

"ಅಣ್ಣ, ನಿಮ್ಮದು ಬಿಪಿಎಲ್ ಕಾರ್ಡಿಲ್ವಾ, ಐದು ಲಕ್ಷದ ಆಯುಷ್ಮಾನ್ ಐತಲ್ಲ" ಅಂತ ಕೇಳ್ತೀರಿ. ಇತ್ತು. ಅವ್ವನ ಹೆಸರು ತಮ್ಮನ ಕಾರ್ಡಲ್ಲಿದೆ. ಬಿಪಿಎಲ್‌ಗೆ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷದ ಒಳಗಿರಬೇಕು, ಅಂದ್ರೆ ತಿಂಗಳಿಗೆ ಹತ್ತು ಸಾವಿರ. ಈ ವರ್ಷ ಪರಿಶೀಲನೆಯಲ್ಲಿ ಅದು ಎಪಿಎಲ್ ಆಯ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರದ್ದು, ಅದೂ 1.50 ಲಕ್ಷದ ಮಿತಿಯಲ್ಲಿ. ಉಳಿದ ಶೇ. 70 ನಮ್ಮದು. ಅವ್ವನ ಹೆಸರನ್ನ ನನ್ನ ಕಾರ್ಡಿಗೆ ಸೇರಿಸೋಕೆ ಅರ್ಜಿ ಹಾಕಿದೀನಿ, ಇನ್ನೂ ಆಗಿಲ್ಲ.

ಈಗ ಎರಡು ಗೆರೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಹತ್ತು ಸಾವಿರ ದಾಟಿದ್ರೆ ನೀನು ಬಡವ ಅಲ್ಲ ಅಂತ ಒಂದು ಸರ್ಕಾರ ಹೇಳ್ತದೆ. ಇಪ್ಪತ್ತೊಂದು ಸಾವಿರ ದಾಟಿದ್ರೆ ನೀನು ಇಎಸ್‌ಐ ಬೇಕಾದ ಕಾರ್ಮಿಕ ಅಲ್ಲ ಅಂತ ಇನ್ನೊಂದು ಸರ್ಕಾರ ಹೇಳ್ತದೆ. 22,900 ಸಂಬಳದವನು ಬಡವನೂ ಅಲ್ಲ, ಕಾರ್ಮಿಕನೂ ಅಲ್ಲ. ಬೆಂಗಳೂರಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸು ಕಟ್ಟಿ ಅವನ ಕೈಯಲ್ಲಿ ಉಳಿಯೋದು ಎಷ್ಟು ಅಂತ ಯಾರೂ ಕೇಳಲ್ಲ.

ನಮ್ಮ ಕಾಲೋನಿಯಿಂದ ಬೆಂಗಳೂರಿಗೆ ಹೋದ ಹುಡುಗರು, ಹೆಣ್ಮಕ್ಕಳು ಹೌಸ್‌ಕೀಪಿಂಗು, ಸೆಕ್ಯುರಿಟಿ, ಗಾರ್ಮೆಂಟ್ಸು, ಫ್ಯಾಕ್ಟರಿ ಸೇರ್ಕೊಂಡಿದ್ದಾರೆ. ಈಗೀಗ ಒಬ್ಬೊಬ್ಬರೇ ಆ ಗೆರೆ ದಾಟ್ತಿದ್ದಾರೆ. ಗೆರೆ ದಾಟಿದ ಬೇರೆಯವರಿಗೆ ಊರಲ್ಲಿ ನಾಲ್ಕು ಎಕರೆನೋ, ಮಳಿಗೆ ಬಾಡಿಗೆನೋ ಇರ್ತದೆ. ಕಷ್ಟ ಬಂದ್ರೆ ಕೈಸಾಲ ಕೊಡೋ ನೆಂಟರಿರ್ತಾರೆ. ನಮಗೆ ಆ ಸಂಬಳ ಒಂದೇ. ಮೊದಲ ತಲೆಮಾರು ಮೆಟ್ಟಿಲು ಹತ್ತಿದ ತಕ್ಷಣ ಏಣಿ ತೆಗೆದ ಹಾಗೆ ಆಗ್ತಿದೆ.

ಇಲ್ಲಿ ನಮ್ಮಪ್ಪನ ವಿಷಯ ಹೇಳ್ಬೇಕು. ಅಪ್ಪ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಹಮಾಲಿ. ಶೇಂಗಾ ಮೂಟೆ ಹೊರೋದು. 2003ರಲ್ಲಿ ಮೂಟೆ ನಿಟ್ಟಿನಿಂದ ಜಾರಿ ಬಿದ್ದು ಸೊಂಟ ಹೋಯ್ತು. ಮಾಲೀಕ ಎರಡು ಸಾವಿರ ಕೊಟ್ಟು ರೆಸ್ಟ್ ತಗೋ ಅಂದ. ಆ ರೆಸ್ಟು ಮೂರು ವರ್ಷ ಆಯ್ತು. ಮನೇಲಿದ್ದ ಆಡು ಹೋದ್ವು, ಅವ್ವನ ಓಲೆ ಹೋದ್ವು, ನನ್ನ ಓದು ಪಿಯುಸಿಗೆ ನಿಲ್ತು, 2006ರಲ್ಲಿ ಅಪ್ಪನೂ ಹೋದ. ಇಎಸ್‌ಐ ನಂಬರ್ ಇದ್ದಿದ್ರೆ ಕೆಲಸದಲ್ಲಿ ಬಿದ್ದವನಿಗೆ ಮೊದಲನೇ ದಿನದಿಂದಲೇ ಸಂಬಳದ ದೊಡ್ಡ ಪಾಲು ಬರಬೇಕಿತ್ತು. ಆ ಮಾತು ನನಗೆ ಗೊತ್ತಾಗಿದ್ದು ಅಪ್ಪ ಸತ್ತು ಹತ್ತು ವರ್ಷ ಆದ ಮೇಲೆ. ಅವತ್ತು ಅಂಥದ್ದೊಂದು ಐತೆ ಅಂತ ನಮಗೆ ಹೇಳೋರೂ ಇರಲಿಲ್ಲ.

ಆದ್ದರಿಂದ ತಮ್ಮನಿಗೆ ಇಎಸ್‌ಐ ಕಾರ್ಡ್ ಬಂದಾಗ ಅದನ್ನ ನಾನೇ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿ ಕೊಟ್ಟಿದ್ದೆ. ಮನೆಯವರೆಲ್ಲರ ಫೋಟೋ ಇರೋ ಕಾರ್ಡು. ಅವ್ವ ಅದನ್ನ ಎಲೆ ಅಡಿಕೆ ಚೀಲದಲ್ಲಿ ಇಟ್ಕೊಂಡಿದ್ದಳು. ಈಗಲೂ ಅಲ್ಲೇ ಇದೆ. ಅದು ನಡೆಯಲ್ಲವ್ವ ಅಂದ್ರೂ ಬಿಸಾಕಿಲ್ಲ.

ಗೆಳೆಯರೇ, ಈ ಕಾರ್ಡು ಎಲ್ಲಿಂದ ಬಂತು ಅಂತ ನಮ್ಮ ಹುಡುಗರಿಗೆ ಗೊತ್ತಿರಬೇಕು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಇಲಾಖೆಯ ಸದಸ್ಯರಾಗಿದ್ದರು. ಅವರ ಕಾಲದಲ್ಲೇ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆ ಹೇಗಿರಬೇಕು ಅಂತ ಯೋಜನೆ ಮಾಡಲು ಪ್ರೊ. ಬಿ.ಪಿ. ಅದಾರ್ಕರ್ ಅವರನ್ನು ನೇಮಿಸಲಾಯಿತು. 1944ರಲ್ಲಿ ವರದಿ ಬಂತು. 1948ರಲ್ಲಿ ಇಎಸ್‌ಐ ಕಾಯ್ದೆ ಆಯಿತು. ಆಗ ಕಾರ್ಮಿಕ ಮಂತ್ರಿ ಬಾಬು ಜಗಜೀವನ ರಾಂ. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯಿತು. ಒಬ್ಬರೇ ಮಾಡಿದ್ದು ಅಂತ ನಾನು ಹೇಳಲ್ಲ. ಆದ್ರೆ ಆ ಕಾಯ್ದೆ ಹುಟ್ಟಿದ ದಾರಿಯಲ್ಲಿ ಕಾರ್ಮಿಕ ಖಾತೆಯ ಕುರ್ಚಿಯಲ್ಲಿ ಕೂತಿದ್ದ ಈ ಇಬ್ಬರೂ ನಮ್ಮವರು. ಏಪ್ರಿಲ್ 14ಕ್ಕೆ ನಾವು ಹಾರ ಹಾಕ್ತೀವಿ, ಡಿಜೆ ಹಾಕ್ತೀವಿ. ಸಂಬಳದ ಚೀಟಿಯಲ್ಲಿ "ಇಎಸ್‌ಐ 156" ಅಂತ ಒಂದು ಸಾಲು ಇರ್ತದಲ್ಲ, ಅದರಲ್ಲೂ ಅವರ ಬೆವರು ಇದೆ ಅಂತ ಯಾವ ಭಾಷಣದಲ್ಲೂ ನಾನು ಹೇಳಿಲ್ಲ. ತಪ್ಪು ನಂದೂ ಐತೆ.

ಆ ಕಾಯ್ದೆಯ ಲೆಕ್ಕ ತುಂಬಾ ಸರಳ. ಕಟ್ಟೋದು ಸಂಬಳಕ್ಕೆ ತಕ್ಕಷ್ಟು, ತಗೊಳ್ಳೋದು ಕಾಯಿಲೆಗೆ ತಕ್ಕಷ್ಟು. ಮೂರು ಕೋಟಿಗೂ ಹೆಚ್ಚು ಕಾರ್ಮಿಕರು ಒಂದೇ ಹುಂಡಿಗೆ ಹಾಕ್ತಾರೆ. ಅದಕ್ಕೇ ನಮ್ಮವ್ವನ ಸ್ಟೆಂಟಿನ ಭಾರ ಯಾರ ಮೇಲೂ ಬೀಳಲಿಲ್ಲ. ಇನ್ನೊಂದು ಮಾತು 1948ರ ಆ ಕಾಯ್ದೆಯ 40ನೇ ಸೆಕ್ಷನ್ನಿನಲ್ಲಿತ್ತು: ಮಾಲೀಕ ತನ್ನ ಪಾಲನ್ನ ಕಾರ್ಮಿಕನ ಕೂಲಿಯಿಂದ ಮುರ್ಕೊಳ್ಳೋ ಹಾಗಿಲ್ಲ. ಸಿಟಿಸಿ ಅನ್ನೋ ಪದ ನಾವು ಕೇಳೋಕೆ ಎಷ್ಟೋ ವರ್ಷ ಮುಂಚೆ ಬರೆದ ಮಾತದು. ಅವರಿಗೆ ಮಾಲೀಕರ ಬುದ್ಧಿ ಗೊತ್ತಿತ್ತು.

ಖಾಸಗಿ ಗುಂಪು ವಿಮೆಯದ್ದು ಉಲ್ಟಾ ಲೆಕ್ಕ. ಕಾಯಿಲೆಗೆ ತಕ್ಕಷ್ಟು ಕಟ್ಟು, ಷರತ್ತಿಗೆ ತಕ್ಕಷ್ಟು ತಗೋ.

ನಮ್ಮೂರ ತಿಪ್ಪೇಸ್ವಾಮಿಯವರ ಮಾತು ಎಲ್ಲರಿಗೂ ಗೊತ್ತು: "ಮಾಡಿದಷ್ಟು ನೀಡು ಭಿಕ್ಷೆ". ಕೆರೆ ಕಟ್ಟಿಸಿದಾಗ ಯಾರು ಎಷ್ಟು ಮಣ್ಣು ಹೊತ್ತರೋ ಅವರಿಗೆ ಅಷ್ಟು ಕೂಲಿ ಸಿಕ್ತು ಅಂತ ಹಿರಿಯರು ಕಥೆ ಹೇಳ್ತಾರೆ. ಭಿಕ್ಷೆ ಅನ್ನೋ ಪದ ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ, ಕೂಲಿ ಭಿಕ್ಷೆ ಅಲ್ಲ. ಆದ್ರೆ ಆ ಮಾತಿನ ನ್ಯಾಯ ದೊಡ್ಡದು. ಹನ್ನೊಂದು ವರ್ಷ ಮಾಡಿದವನಿಗೆ ಮಾಡಿದಷ್ಟು ಸಿಕ್ಕಿದೆಯಾ? ಸಂಬಳ ಏರಿಸಿದ ಕೈಯಲ್ಲೇ ಅದಕ್ಕಿಂತ ಜಾಸ್ತಿ ಕಿತ್ಕೊಂಡ್ರೆ ಅದು ಯಾವ ನೀಡಿಕೆ?

ಇಎಸ್‌ಐ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಕ್ಯೂ ನಿಂತಿದ್ದೀನಿ. ಬೆಳಿಗ್ಗೆ ಆರಕ್ಕೆ ಚೀಟಿಗೆ ನಿಂತು ಮಧ್ಯಾಹ್ನ ಎರಡಕ್ಕೆ ಡಾಕ್ಟರ ಮುಖ ನೋಡಿದ್ದೀನಿ. ಮಾತ್ರೆ ಸ್ಟಾಕ್ ಇಲ್ಲ, ಹೋಗಿ ನಾಳೆ ಬನ್ನಿ ಅನ್ನಿಸಿಕೊಂಡಿದ್ದೀನಿ. ಅವ್ವನ್ನ ಕರ್ಕೊಂಡು ಬೆಂಗಳೂರಿಗೇ ಹೋಗಬೇಕಿತ್ತು, ಒಂದು ದಿನದ ಅಂಗಡಿ ಬಂದ್. ಇದೆಲ್ಲಾ ಸರಿಪಡಿಸಬೇಕಾದ್ದೇ. ಆದ್ರೆ ಕ್ಯೂ ಇದೆ ಅಂತ ಕಾರ್ಡೇ ಕಿತ್ಕೊಳ್ಳೋದು ಪರಿಹಾರ ಅಲ್ಲ.

ಈಗ ಆ 21,000ದ ಗೆರೆ ವಿಷಯಕ್ಕೆ ಬರ್ತೀನಿ. 2010ರಲ್ಲಿ ಅದು 15,000 ಇತ್ತು. 2017ರ ಜನವರಿಯಿಂದ 21,000. ಅಲ್ಲಿಂದ ಇಲ್ಲಿವರೆಗೆ ಅದೇ. 2017ರಲ್ಲಿ ಇದ್ದ ಅಕ್ಕಿ ರೇಟು, ಬಸ್ ಚಾರ್ಜು, ಗ್ಯಾಸ್ ಸಿಲಿಂಡರ್ ರೇಟು ಈಗ ಇದೆಯಾ? ಎಲ್ಲಾ ಏರಿದೆ, ಗೆರೆ ಮಾತ್ರ ಏರಿಲ್ಲ. ಆದ್ದರಿಂದ ಸಂಬಳ ನಿಜವಾಗಿ ಏರದಿದ್ರೂ ಅಂಕಿಯಲ್ಲಿ ಏರಿ ಜನ ಹೊರಗೆ ಬೀಳ್ತಿದ್ದಾರೆ. ಮಾಲೀಕರ ಪಾಲು ಇಳಿಸೋ ವಿಷಯ ಬಂದಾಗ ಮಾತ್ರ ಕೆಲಸ ಆಯ್ತು. 2019ರ ಜುಲೈ 1ರಿಂದ ಮಾಲೀಕರದ್ದು ಶೇ. 4.75ರಿಂದ 3.25ಕ್ಕೆ ಇಳೀತು, ಕಾರ್ಮಿಕರದ್ದು 1.75ರಿಂದ 0.75ಕ್ಕೆ. ಕಾರ್ಮಿಕರ ಪಾಲು ಇಳಿದಿದ್ದು ಒಳ್ಳೇದೇ. ಆದ್ರೆ ಇಳಿಸೋಕೆ ಬರೋ ಕೈಗೆ ಗೆರೆ ಏರಿಸೋಕೆ ಯಾಕೆ ಬರಲ್ಲ?

ಲೆಕ್ಕ ನೋಡಿ. ಗೆರೆ ಏರಿಸಿ ನನ್ನ ತಮ್ಮನ್ನ ಮತ್ತೆ ಒಳಗೆ ತಗೊಂಡ್ರೆ 22,900ಕ್ಕೆ ಅವನ ಪಾಲು ತಿಂಗಳಿಗೆ 172 ರೂಪಾಯಿ. ಈಗ ಅವ್ವ ಒಬ್ಬಳಿಗೇ ತಿಂಗಳಿಗೆ 2,163 ಹೋಗ್ತಿದೆ.

ಆಗಲ್ಲ, ಹಣ ಎಲ್ಲಿಂದ ಬರ್ತದೆ ಅನ್ನೋರಿಗೆ ನಮ್ಮ ರಾಜ್ಯದ್ದೇ ಉದಾಹರಣೆ ಕೊಡ್ತೀನಿ. 2025ರ ಅಕ್ಟೋಬರ್ 1ರಿಂದ ರಾಜ್ಯ ಸರ್ಕಾರಿ ನೌಕರರಿಗೆ ಆರೋಗ್ಯ ಸಂಜೀವಿನಿ ಯೋಜನೆ ಬಂದಿದೆ. ತಿಂಗಳ ವಂತಿಗೆ ಎ ವೃಂದಕ್ಕೆ 1,000, ಬಿ ವೃಂದಕ್ಕೆ 500, ಸಿ ವೃಂದಕ್ಕೆ 350, ಡಿ ವೃಂದಕ್ಕೆ 250. ಅವಲಂಬಿತ ತಂದೆ ತಾಯಿಯೂ ಸೇರ್ತಾರೆ. ತಾಯಿಗೆ ಸಕ್ಕರೆ ಐತೆ ಅಂತ ಯಾರಿಗೂ ಜಾಸ್ತಿ ಇಲ್ಲ. ಇದನ್ನ ನಾನು ಸ್ವಾಗತ ಮಾಡ್ತೀನಿ. ದೊಡ್ಡ ಸಂಬಳದವರು ಜಾಸ್ತಿ, ಸಣ್ಣ ಸಂಬಳದವರು ಕಮ್ಮಿ ಕಟ್ಟೋ ಹಾಗೆ ಲೆಕ್ಕ ಹಾಕೋದು ಸರ್ಕಾರಕ್ಕೆ ಗೊತ್ತಿದೆ ಅಂತ ಇದರಿಂದ ಗೊತ್ತಾಯ್ತಲ್ಲ. ಆದ್ರೆ ಅದೇ ಕಚೇರಿಯಲ್ಲಿ ಕಸ ಗುಡಿಸೋ, ಗೇಟು ಕಾಯೋ, ಕಂಪ್ಯೂಟರ್ ಒತ್ತೋ ಹೊರಗುತ್ತಿಗೆಯವರು ಇದರಲ್ಲಿಲ್ಲ. ಅವರಲ್ಲಿ ಯಾವ ಕೇರಿಯವರು ಎಷ್ಟಿದ್ದಾರೆ ಅಂತ ನೀವೇ ಎಣಿಸ್ಕೊಳ್ಳಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ.

ಒಂದು, ಇಎಸ್‌ಐ ಸಂಬಳದ ಗೆರೆ ಏರಿಸಿ. ಏರಿಸಿ ಮತ್ತೆ ಎಂಟು ವರ್ಷ ಮರೀಬೇಡಿ. ತುಟ್ಟಿಭತ್ಯೆ ಏರಿದ ಹಾಗೆ ವರ್ಷ ವರ್ಷ ಅದೂ ಏರಲಿ.

ಎರಡು, ಒಮ್ಮೆ ಇಎಸ್‌ಐ ಒಳಗೆ ಬಂದವನು ಗೆರೆ ದಾಟಿದ್ರೂ ತನಗೆ ಬೇಕಿದ್ರೆ ಅಲ್ಲೇ ಮುಂದುವರಿಯೋಕೆ ಬಿಡಿ. ಅವನ ಪಾಲು ಅವನು ಕಟ್ಟಲಿ, ಮಾಲೀಕನ ಪಾಲು ಮಾಲೀಕ ಕಟ್ಟಲಿ.

ಮೂರು, ಗುಂಪು ಪಾಲಿಸಿಯಲ್ಲಿ ಕಾರ್ಮಿಕನ ಸಂಬಳದಿಂದ ಹೋಗೋ ಪ್ರೀಮಿಯಂ ಮೇಲಿನ ಜಿಎಸ್‌ಟಿ ತೆಗೀರಿ. ದುಡ್ಡು ಕಟ್ಟೋನು ಅವನೇ ಅಂದ ಮೇಲೆ ಅವನ ಪಾಲಿಸಿಗೂ ವಿನಾಯಿತಿ ಸಿಗಬೇಕು.

ನಾಲ್ಕು, 40ನೇ ಸೆಕ್ಷನ್ನಿನ ನ್ಯಾಯ ಗುಂಪು ವಿಮೆಗೂ ಬರಲಿ. ಕಂಪನಿ ಪಾಲು ಅಂದ ಮೇಲೆ ಅದು ಕಂಪನಿ ಪಾಲೇ ಆಗಿರಲಿ.

ಅಲ್ಲಿವರೆಗೆ ನಾವು ಮಾಡಬೇಕಾದ್ದೂ ಐತೆ.

ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ತಮ್ಮಂದಿರು, ತಂಗಿಯರು ಸಂಬಳದ ಚೀಟಿ ಕೇಳಿ ತಗೊಳ್ಳಿ. ಇಎಸ್‌ಐ ಅಂತ ಕಟ್ ಆಗಿದ್ರೆ ನಿಮ್ಮ ಹತ್ತಂಕಿಯ ನಂಬರ್ ಕೇಳಿ. ಕಟ್ ಮಾಡಿ ಕಟ್ಟದೇ ಇರೋ ಗುತ್ತಿಗೆದಾರರೂ ಇದ್ದಾರೆ. ಮಾಲೀಕನ ಶೇ. 3.25 ಕೂಡ ನಿಮ್ಮ ಸಂಬಳದಿಂದಲೇ ಮುರೀತಿದ್ರೆ ಅದು ಕಾನೂನಿಗೆ ವಿರುದ್ಧ. ಅಪ್ಪ ಅಮ್ಮನ ಹೆಸರು ಸೇರಿಸಿಲ್ಲ ಅಂದ್ರೆ ಈಗಲೇ ಸೇರಿಸಿ, ಅದಕ್ಕೆ ದುಡ್ಡಿಲ್ಲ. ಅವರು ನಿಮ್ಮ ಮೇಲೇ ಅವಲಂಬಿತರಾಗಿದ್ದು, ಅವರ ಆದಾಯ ತಿಂಗಳಿಗೆ 9,000ದ ಒಳಗಿದ್ರೆ ಆಯ್ತು.

ಊರಲ್ಲಿರೋರು ಸಹಕಾರ ಸಂಘದಲ್ಲಿ ಸದಸ್ಯರಾಗಿದ್ರೆ ಯಶಸ್ವಿನಿ ಬಗ್ಗೆ ಸಂಘದಲ್ಲಿ ಕೇಳಿ. 2003ರಲ್ಲಿ ವರ್ಷಕ್ಕೆ 60 ರೂಪಾಯಿಗೆ ಶುರುವಾದ ಯೋಜನೆ ಅದು. 2018ರಲ್ಲಿ ನಿಂತು ಮತ್ತೆ ಬಂದಿದೆ. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆ ಸರ್ಕಾರವೇ ಭರಿಸ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಹೆಸರು ನೋಂದಾಯಿಸೋಕೆ ಕೊನೇ ದಿನಾಂಕ ಇರ್ತದೆ, ವಿಚಾರಿಸಿ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾಲೋನಿಯ ಬೇವಿನ ಮರದ ಕಟ್ಟೆ ಹತ್ರ ಕೂರ್ತೀವಿ. ನಿಮ್ಮ ಮನೆ ಹುಡುಗರ ಸಂಬಳದ ಚೀಟಿ ಫೋನಲ್ಲಿ ತರಿಸ್ಕೊಂಡು ಬನ್ನಿ. ನಾನು ಪ್ರಿಂಟ್ ತೆಗೆದು ಕೊಡ್ತೀನಿ, ದುಡ್ಡು ಬೇಡ. ಎಷ್ಟು ಜನ 21,000 ದಾಟಿ ಹೊರಗೆ ಬಿದ್ದಿದ್ದಾರೆ, ಎಷ್ಟು ಜನ ಅಪ್ಪ ಅಮ್ಮನ ಹೆಸರು ತೆಗೆಸಿದ್ದಾರೆ ಅಂತ ಒಂದು ಪಟ್ಟಿ ಮಾಡೋಣ. ಹೆಸರು ಗುಟ್ಟಾಗಿ ಇಡ್ತೀವಿ. ಆ ಪಟ್ಟಿ ಹಿಡ್ಕೊಂಡು ಸಂಸದರ ಹತ್ರ, ಕಾರ್ಮಿಕ ಇಲಾಖೆ ಹತ್ರ ಹೋಗೋಣ. ಬರೀ ಬಾಯಿಮಾತಿಗೆ ಯಾರೂ ಬೆಲೆ ಕೊಡಲ್ಲ.

ಅವ್ವನ ವಿಷಯ ಏನಾಯ್ತು ಅಂತ ಕೇಳ್ತೀರಿ. ಅಕ್ಟೋಬರ್ 31ರ ರಾತ್ರಿ ಒಂಬತ್ತಕ್ಕೆ ತಮ್ಮ ಫೋನ್ ಮಾಡಿದ. "ಅಣ್ಣ, ಒತ್ಲಾ ಬ್ಯಾಡ್ವಾ?" ಅಂದ. ಒತ್ತು ಅಂದೆ. ತಿಂಗಳಿಗೆ ಸಾವಿರ ನಾನು ಕೊಡ್ತೀನಿ, ಉಳಿದಿದ್ದು ಅವನದ್ದು. ಅವ್ವನಿಗೆ ಹೆಸರು ತೆಗೆಸಿದ್ದೀವಿ ಅಂತಲೇ ಹೇಳಿದೀವಿ, ಇಲ್ಲಾಂದ್ರೆ ಮಾತ್ರೆ ನುಂಗೋದು ಬಿಟ್ಟು ದುಡ್ಡು ಉಳಿಸೋಕೆ ನೋಡ್ತಾಳೆ. ಅವಳಿಗೆ ಫೇಸ್‌ಬುಕ್ ಇಲ್ಲ. ನೀವೂ ಯಾರೂ ಹೇಳಬೇಡಿ.

ಮುಂದಿನ ವರ್ಷ ಅದು ಎಷ್ಟಾಗ್ತದೋ, ಆಗ ಏನು ಮಾಡ್ತೀವೋ, ನನ್ನ ಹತ್ರ ಉತ್ತರ ಇಲ್ಲ. ಅದಕ್ಕೇ ಭಾನುವಾರ ಬನ್ನಿ ಅಂತ ಕರೀತಿದ್ದೀನಿ.

ಶೇರ್ ಮಾಡಿ. ಜೈ ಭೀಮ್.